ಎರಡು ಪೊರೆಗಳ ನಡುವಿನ ನೀರು

ನಮ್ಮ ಗಿರಣಿಗೆ ಬಂದವರು ಮೊದಲು ಸೀನುತ್ತಾರೆ, ಆಮೇಲೆ ಮಾತಾಡುತ್ತಾರೆ. ಬ್ಯಾಡಗಿಯಲ್ಲಿ ಖಾರದ ಗಿರಣಿ ಇಟ್ಟವರ ಮನೆಯ ದಿನನಿತ್ಯದ ಸಂಗತಿ ಇದು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ಹೇಳುತ್ತಾರೆ. ಆ ಕಡಿಮೆ ಖಾರವನ್ನು ಬೆಳಗಿನಿಂದ ಸಂಜೆಯವರೆಗೆ ಮೂಗಿನಲ್ಲಿ ಎಳೆದುಕೊಂಡು ನೋಡಲಿ ಎಂಬುದು ನನ್ನ ಮಾತು. ಇಪ್ಪತ್ತಾರು ವರ್ಷದ ಹಿಂದೆ ಸೊಸೆಯಾಗಿ ಬಂದಾಗ ಮೊದಲ ತಿಂಗಳೆಲ್ಲ ಕಣ್ಣು ಮೂಗು ಒರೆಸಿಕೊಳ್ಳುವುದರಲ್ಲೇ ಕಳೆಯಿತು. ಆಮೇಲೆ ಒಗ್ಗಿತು. ಎಷ್ಟು ಒಗ್ಗಿತೆಂದರೆ ಅದೇ ನನಗೊಂದು ಜಂಬವಾಯಿತು. ಖಾರ ಕುಟ್ಟಿಸಲು ಬಂದ ಹೆಂಗಸರು ಸೆರಗು ಮೂಗಿಗೆ ಹಿಡಿದು ನಿಂತರೆ, "ನಮಗ ಘಾಟು ಹತ್ತೂದಿಲ್ರಿ" ಎಂದು ನಗುತ್ತಿದ್ದೆ.

ಗಿರಣಿಯಲ್ಲಿ ನಾವು ನಾವೇ ಮಾಡಿಕೊಂಡ ಒಂದು ಪರೀಕ್ಷೆ ಇದೆ. ಯಾರಿಗಾದರೂ ಕೆಮ್ಮು ಹತ್ತಿದರೆ ಹೊರಗೆ ಬೇವಿನ ಗಿಡದ ಕೆಳಗೆ ಕಳಿಸುತ್ತೇವೆ. ಅಲ್ಲಿ ಕೆಮ್ಮು ನಿಂತುಹೋದರೆ ಅದು ಘಾಟಿನದು, ಚಿಂತೆಯಿಲ್ಲ. ಸಂಕ್ರಾಂತಿ ಕಳೆದು ಹೊಸ ಕಾಯಿ ಬರುವ ಹೊತ್ತಿಗೆ ನನಗೆ ಕೆಮ್ಮು ಶುರುವಾಯಿತು. ಒಣ ಕೆಮ್ಮು, ಕಫವಿಲ್ಲ. "ಈ ಸಲದ ಕಾಯಿ ಭಾಳ ಜೋರ್ ಅದಾವ ನೀಲಾ, ನಿನಗೂ ಹತ್ತಿದ್ವು ನೋಡು" ಎಂದು ನಮ್ಮವರು ಚಾಷ್ಟಿ ಮಾಡಿದರು. ನಮ್ಮವರ ಹೆಸರು ಈರಣ್ಣ. ನಾನು ಎರಡು ಸಲ ಬೇವಿನ ಗಿಡದ ಕೆಳಗೆ ಹೋಗಿ ನಿಂತೆ. ಕೆಮ್ಮು ನಿಲ್ಲಲಿಲ್ಲ. ಮೂರನೆಯ ಸಲದಿಂದ ಅಲ್ಲಿಗೆ ಹೋಗುವುದನ್ನೇ ಬಿಟ್ಟೆ. ಗಿರಣಿಯೊಳಗೇ ಕುಳಿತು ಕೆಮ್ಮಿದರೆ ಅದು ಗಿರಣಿಯ ಕೆಮ್ಮೇ ಆಗಿ ಉಳಿಯುತ್ತದಲ್ಲ.

ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಕುಪ್ಪಸದ ತೋಳು ಸಡಿಲಾಗಿತ್ತು. ಎಡಕ್ಕೆ ಹೊರಳಿದರೆ ಉಸಿರು ಕಟ್ಟುತ್ತಿತ್ತು, ಬಲಕ್ಕೆ ಮಲಗಿದರೆ ತುಸು ನಿರಾಳ. ಮೆಣಸಿನ ಕಷಾಯ, ಅರಿಷಿಣದ ಹಾಲು, ಅಂಗಡಿಯ ಕೆಮ್ಮಿನ ಔಷಧ, ಎಲ್ಲ ಆಯಿತು. ಡಾಕ್ಟರ ಹತ್ತಿರ ಮಾತ್ರ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಈಗ ಕೇಳಿದರೆ ಒಂದೇ ಉತ್ತರ: ಮಗಳು ಹೆರಿಗೆಗೆ ಬಂದಿದ್ದಳು.

ಭಾಗ್ಯಾ ನಮಗೆ ಒಬ್ಬಳೇ ಮಗಳು. ಹಲಗೇರಿಗೆ ಕೊಟ್ಟಿದ್ದೇವೆ. ಏಳನೇ ತಿಂಗಳಲ್ಲಿ ಸೀಮಂತದ ಕುಬಸ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ನಾನು ಅವಳನ್ನು ಹಡೆದಾಗ ನನಗೆ ತಾಯಿ ಇರಲಿಲ್ಲ. ಬಾಣಂತನ ಗಂಡನ ಮನೆಯಲ್ಲೇ ಆಯಿತು. ಯಾರೂ ಕೆಟ್ಟದ್ದು ಮಾಡಲಿಲ್ಲ, ಹೊತ್ತಿಗೆ ಸರಿಯಾಗಿ ಉಣ್ಣಲು ಕೊಟ್ಟರು. ಆದರೆ ನೀರು ಎರೆಯುವಾಗ "ಬಿಸಿ ಭಾಳ ಆತೇನ, ಸಾಕೇನ" ಎಂದು ಕೇಳುವವರು ಇರಲಿಲ್ಲ. ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುವುದನ್ನು ನನಗೆ ಕಲಿಸಿದ್ದು ಪಕ್ಕದ ಮನೆಯ ಮುದುಕಿ. ಭಾಗ್ಯಾಳ ಬಾಣಂತನವನ್ನು ನಾನೇ ಮಾಡಬೇಕು, ನನಗೆ ಸಿಗದ್ದೆಲ್ಲ ಅವಳಿಗೆ ಸಿಗಬೇಕು ಎಂದು ಅವಳ ಲಗ್ನದ ದಿನದಿಂದಲೇ ಮನಸ್ಸಿನಲ್ಲಿತ್ತು. ಹಳೇ ನೂಲಿನ ಸೀರೆಗಳನ್ನು ಒಗೆದು, ಹರಿದು, ಮಡಚಿ ಇಟ್ಟಿದ್ದೆ. ಬಾಣಂತಿಯ ಉಂಡೆಗೆ ಅಳವಿ, ಅಂಟು, ಕೊಬ್ಬರಿ, ಕೂಸಿಗೆ ಬಜೆ ಬೇರು ಎಲ್ಲ ಡಬ್ಬಿಯಲ್ಲಿ ಸಿದ್ಧವಾಗಿದ್ದವು. ಇಂಥ ಹೊತ್ತಿನಲ್ಲಿ ತಾಯಿಗೆ ಜಡ್ಡು ಎಂದರೆ ಬೀಗರು ಸುಮ್ಮನಿರುತ್ತಾರೆಯೇ, ಬಂದು ಮಗಳನ್ನು ಕರೆದುಕೊಂಡು ಹೋಗುತ್ತಾರೆ ಎಂಬ ಭಯಕ್ಕೆ ನಾನು ಕೆಮ್ಮನ್ನು ಸೆರಗಿನಲ್ಲಿ ಒತ್ತಿ ಹಿಡಿದೆ.

ಎಂಟು ತಿಂಗಳು ತುಂಬುವ ಹೊತ್ತಿಗೆ ಅವಳನ್ನು ತೋರಿಸಲು ಮೂವರೂ ರಾಣೆಬೆನ್ನೂರಿಗೆ ಹೋದೆವು. ಹೆರಿಗೆ ಡಾಕ್ಟರು ಕೂರುವುದು ಮೇಲಂತಸ್ತಿನಲ್ಲಿ. ತುಂಬು ಬಸುರಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಹೋಗಿ ನಿಂತಳು. ನಾನು ಆರನೇ ಮೆಟ್ಟಿಲಿಗೆ ಕುಳಿತುಬಿಟ್ಟೆ. ಬಾಯಿ ತೆರೆದರೂ ಉಸಿರು ಒಳಗೆ ಹೋಗುತ್ತಿಲ್ಲ. ಕೆಳಗಿಳಿದು ಬರುತ್ತಿದ್ದ ಸಿಸ್ಟರ್ ನನ್ನನ್ನೂ ಅವಳನ್ನೂ ನೋಡಿದಳು.

"ಯಾರಿಗೆ ತೋರಸಾಕ ಬಂದೀರಿ, ನಿಮಗೋ ಅವ್ರಿಗೋ?"

"ಅವ್ವಾ, ಏನಾತು? ತುಟಿ ಯಾಕ ಹಂಗ ಕಪ್ಪಾಗ್ಯಾವ?" ಭಾಗ್ಯಾ ಮೇಲಿನಿಂದಲೇ ಕೂಗಿದಳು. ನಾನು ಕೈ ಮಾಡಿ ಏನಿಲ್ಲ ಎಂದೆ. ಸುಳ್ಳು ಹೇಳುವುದಕ್ಕೂ ಉಸಿರು ಬೇಕಾಗುತ್ತದೆ ಎಂದು ಆವತ್ತು ಗೊತ್ತಾಯಿತು.

ಅದೇ ದಿನ ಎಕ್ಸ್‌ರೇ ಆಯಿತು. ಎದೆಯ ಡಾಕ್ಟರು ಬೇರೆ ಆಸ್ಪತ್ರೆಯಲ್ಲಿ, ನಡುವಯಸ್ಸಿನ ಹೆಣ್ಣುಮಗಳು, ಮಾತು ನಮ್ಮ ಕಡೆಯದೇ. ಫಿಲ್ಮನ್ನು ಬೆಳಕಿಗೆ ಹಿಡಿದರು. ಎಡಗಡೆ ಕಪ್ಪಗೆ ಚೊಕ್ಕಾಗಿತ್ತು. ಬಲಗಡೆ ಅರ್ಧದಿಂದ ಕೆಳಗೆ ಬರೀ ಬಿಳುಪು.

"ನೀರು ತುಂಬ್ಯಾವ್ರಿ. ಪುಪ್ಪುಸದ ಒಳಗಲ್ಲ, ಹೊರಗ. ಎಷ್ಟ ದಿನಾತು ಕೆಮ್ಮಾಕತ್ತು?"

"ನಮ್ದು ಖಾರದ ಗಿರಣಿ ಐತ್ರಿ" ಎಂದೆ.

"ನಾ ಗಿರಣಿ ಕೇಳ್ಲಿಲ್ಲ, ದಿನಾ ಕೇಳಿದೆ" ಎಂದರು ಅವರು. ನಮ್ಮವರು ನೆಲ ನೋಡಿದರು. ಎರಡು ತಿಂಗಳು ಎಂದು ಭಾಗ್ಯಾಳೇ ಹೇಳಿದಳು. ಅವಳು ಬಂದ ದಿನದಿಂದಲೇ ಎಣಿಸುತ್ತಿದ್ದಳಂತೆ.

ಮರುದಿನ ನೀರು ತೆಗೆದರು. ಮಂಚದ ಮೇಲೆ ಕೂರಿಸಿ, ಮುಂದೆ ಮೇಜು ಇಟ್ಟು ಅದರ ಮೇಲೆ ದಿಂಬು ಹಾಕಿ, ತಬ್ಬಿಕೊಂಡು ಬಗ್ಗಿರಿ ಎಂದರು. ಬೆನ್ನಿಗೆ ಮೊದಲು ಸಣ್ಣ ಸೂಜಿ ಚುಚ್ಚಿ ಜೋಮು ಹಿಡಿಸಿದರು, ಆಮೇಲೆ ದೊಡ್ಡದು. ನೋವಿಗಿಂತ ಹೆಚ್ಚಾಗಿ ಒಳಗಿನದೇನನ್ನೋ ಯಾರೋ ಜಗ್ಗುತ್ತಿದ್ದಾರೆ ಎನ್ನಿಸುತ್ತದೆ. ಕೆಮ್ಮು ಬಂದರೆ ಹೇಳಿ ಎಂದಿದ್ದರು. ಕೆಮ್ಮು ತಡೆಯುವುದರಲ್ಲಿ ನನಗೆ ಎರಡು ತಿಂಗಳ ಅಭ್ಯಾಸವಿತ್ತು. ಬಾಟಲಿಗೆ ಇಳಿದ ನೀರು ಬೇಳೆಕಟ್ಟಿನ ತಿಳಿಯಂತೆ ಹಳದಿಯಾಗಿತ್ತು. ಇಷ್ಟು ನೀರು ಹೊತ್ತುಕೊಂಡು ರೊಟ್ಟಿ ಬಡಿಯುತ್ತಿದ್ದೆನೇ ಎಂದು ನನಗೇ ಮರುಕ ಬಂತು. ಒಂದು ಬಾಟಲಿ ತುಂಬಿದ್ದಕ್ಕೇ ಉಸಿರು ಎಷ್ಟು ಹಗುರಾಯಿತೆಂದರೆ, ಸಿಸ್ಟರ್ ಕೈ ಹಿಡಿದುಕೊಂಡು ಅತ್ತೆ.

ಡಾಕ್ಟರು ಬಿಡುವು ಮಾಡಿಕೊಂಡು ನಮಗೆ ತಿಳಿಸಿ ಹೇಳಿದರು. ಅದೊಂದು ಉಪಕಾರ ನಾನು ಮರೆಯುವುದಿಲ್ಲ. "ಪುಪ್ಪುಸಕ್ಕ ಒಂದು ಪೊರೆ ಇರತೈತಿ, ಎದಿಗೂಡಿನ ಒಳಮಗ್ಗಲಕ್ಕ ಇನ್ನೊಂದು. ನಡುವ ಒಂದೆರಡು ಚಮಚೆ ನೀರು, ಉಸಿರಾಡುವಾಗ ಪೊರೆಗೆ ಪೊರೆ ಉಜ್ಜಬಾರದು ಅಂತ. ಆ ನೀರು ನಿಂತದ್ದಲ್ಲ. ದಿನಾ ಜಿನುಗತೈತಿ, ದಿನಾ ಸಣ್ಣ ಸಣ್ಣ ಬಾಯಾಗ ಇಂಗಿ ಹೋಗತೈತಿ. ನಿಮ್ಮದು ಬರೂದು ಹೆಚ್ಚಾಗೇತಿ, ಹೋಗೂದು ಕಟ್ಟೇತಿ. ಯಾಕ ಅನ್ನೂದಕ್ಕ ಈ ನೀರಾಗ ಪ್ರೋಟೀನ್ ಎಷ್ಟೈತಿ ಅಂತ ನೋಡಬೇಕು."

"ಪ್ರೋಟೀನ್ ಇದ್ರ ಚಲೋನ ಅಲ್ರಿ?" ಎಂದರು ನಮ್ಮವರು. ಬಸುರಿ ಮಗಳಿಗೆ ಪ್ರೋಟೀನ್ ತಿನ್ನಿಸಿರಿ ಎಂದು ಅಂಗನವಾಡಿಯವರು ಹೇಳಿ ಹೇಳಿ ಆ ಮಾತು ನಮ್ಮ ಮನೆಯಲ್ಲಿ ದೇವರ ಹೆಸರಿನಂತಾಗಿತ್ತು.

ಡಾಕ್ಟರು ನಗಲಿಲ್ಲ. "ನಿಮ್ಮ ಗಿರಣಿ ಜರಡಿ ಇದ್ದಂಗ ತಿಳೀರಿ. ಚಲೋ ಜರಡಿಯಾಗ ನುಣ್ಣಂದು ಅಷ್ಟ ಇಳೀತೈತಿ. ಬೀಜಾನೂ ಇಳದು ಬಂತಂದ್ರ ಜರಡಿ ಹರದೈತಿ ಅಂತ ಅರ್ಥ. ಪ್ರೋಟೀನ್ ರಕ್ತದಾಗ ಇರಬೇಕಾದ್ದು. ಈ ನೀರಾಗ ಭಾಳ ಬಂದಿದ್ರ ಪೊರೆಗೇ ಜಡ್ಡಾಗೇತಿ. ಅದು ಸೋರಿ ಬಂದಲ್ಲಿ ನೀರನ್ನೂ ಹಿಡದು ನಿಲ್ಲಸತೈತಿ. ಪ್ರೋಟೀನ್ ಕಡಿಮಿ ಇದ್ರ ಪೊರೆ ಚಲೋ ಐತಿ, ಹೃದಯಾನೋ ಕಿಡ್ನೀನೋ ನೋಡಬೇಕಾಗತೈತಿ."

"ಪೊರೆಗೇ ಜಡ್ಡು ಅಂದ್ರ?" ಎಂದು ಭಾಗ್ಯಾ ಕೇಳಿದಳು.

"ನಮ್ಮ ಕಡೆ ಹೆಚ್ಚಾಗಿ ಟೀಬಿ. ಒಮ್ಮೊಮ್ಮೆ ಕ್ಯಾನ್ಸರ್. ರಿಪೋರ್ಟ್ ಬರೂತನಕ ನಾನೂ ಹೇಳಾಂಗಿಲ್ಲ, ನೀವೂ ಯೋಚನಿ ಮಾಡಬ್ಯಾಡ್ರಿ."

ಯೋಚನೆ ಮಾಡಬೇಡಿ ಎಂದರೆ ಮಾಡದೆ ಇರುವವರು ಯಾರು! ಪ್ರೋಟೀನ್ ಹೆಚ್ಚಿದೆ ಎಂಬ ವರದಿ ಎರಡೇ ದಿನಕ್ಕೆ ಬಂತು. ಉಳಿದದ್ದು ಬೇರೆ ಊರಿನ ಲ್ಯಾಬಿಗೆ ಹೋಗಿತ್ತು. ಆ ಒಂದು ವಾರ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಹಾಗೆಯೇ ಎಕ್ಸ್‌ರೇ ಕವರು ಹಿಡಿದು ಕುಳಿತವರ ಮುಖ ನೋಡುತ್ತಿದ್ದೆ. ಯಾರದು ಒಳ್ಳೆಯ ಕವರು, ಯಾರದು ಕೆಟ್ಟದ್ದು ಎಂದು ಮುಖದಲ್ಲಿ ಹುಡುಕುತ್ತಿದ್ದೆ. ನಮ್ಮವರು ಶನಿವಾರ ಕದರಮಂಡಲಗಿಗೆ ಹೋಗಿ ಹನುಮಪ್ಪನಿಗೆ ಏನು ಬೇಡಿಕೊಂಡರೋ ಹೇಳಲಿಲ್ಲ. ನಾನು ಬೇಡಿಕೊಂಡದ್ದನ್ನು ಹೇಳುತ್ತೇನೆ. ಟೀಬಿ ಆಗಲಪ್ಪಾ ಎಂದು ಬೇಡಿಕೊಂಡೆ. ಯಾರಾದರೂ ಹೀಗೆ ಬೇಡಿಕೊಂಡದ್ದು ನಾನಂತೂ ಕೇಳಿಲ್ಲ. ಆ ವಾರ ಅದಕ್ಕಿಂತ ದೊಡ್ಡ ವರ ನನಗೆ ಹೊಳೆಯಲಿಲ್ಲ.

ವರ ಸಿಕ್ಕಿತು. "ಟೀಬಿನ ಅದ. ಕ್ಯಾನ್ಸರ್ ಕಣ ಎಲ್ಲೂ ಸಿಕ್ಕಿಲ್ಲ. ಆರು ತಿಂಗಳ ಗುಳಿಗಿ, ಆರಾಮ ಆಗ್ತೀರಿ" ಎಂದರು ಡಾಕ್ಟರು. ಆಸ್ಪತ್ರೆ ಬಾಗಿಲಲ್ಲೇ ನಮ್ಮವರು ಚಹಾ ಕುಡಿಸಿದರು, ಮೂವರೂ ನಕ್ಕೆವು. ಆ ಖುಷಿ ಬ್ಯಾಡಗಿ ಬಸ್ಸು ಹತ್ತುವವರೆಗೆ ಇತ್ತು. ಬಸ್ಸಿನಲ್ಲಿ ಭಾಗ್ಯಾ ನಿದ್ದೆಗಣ್ಣಿನಲ್ಲಿ ನನ್ನ ಹೆಗಲಿಗೆ ತಲೆ ಇಟ್ಟಳು. ನಾನು ಮುಖ ತಿರುಗಿಸಿ ಉಸಿರು ಬಿಗಿಹಿಡಿದೆ.

ಯಾಕೆಂದರೆ ನನಗೆ ಟೀಬಿ ಗೊತ್ತು. ಕುಪ್ಪೇಲೂರಿನಲ್ಲಿ ನನ್ನ ಅವ್ವ ಸತ್ತದ್ದು ಅದರಿಂದಲೇ. ಆಗ ಯಾರೂ ಆ ಹೆಸರು ಹೇಳಲಿಲ್ಲ, 'ಒಣಗೂ ಜಡ್ಡು' ಎಂದರು. ದನದ ಕೊಟ್ಟಿಗೆಯ ಮೂಲೆಯಲ್ಲಿ ಅವಳಿಗೆ ಹಾಸಿಗೆ, ಬೇರೆ ತಟ್ಟೆ, ಬೇರೆ ಚೆರಿಗೆ. ಉಣ್ಣಲು ಕೊಡಲು ಹೋದರೆ "ಅಲ್ಲೇ ಇಟ್ಟು ಹೋಗು" ಎನ್ನುತ್ತಿದ್ದಳು. ನನಗೆ ಹದಿನೇಳು ವರ್ಷ. ಕೊನೆಯ ಒಂದು ವರ್ಷ ಅವಳು ನನ್ನನ್ನು ಮುಟ್ಟಲಿಲ್ಲ. ಅವಳು ಸತ್ತ ಮೇಲೆ ಆ ತಟ್ಟೆಯನ್ನು ನಮ್ಮ ಅಪ್ಪ ಹೊಲದ ಬದುವಿನಲ್ಲಿ ಹೂತು ಬಂದ. ಈ ಮಾತನ್ನು ನಾನು ನಮ್ಮವರಿಗೂ ಹೇಳಿರಲಿಲ್ಲ.

ಡಾಕ್ಟರು ಕಫದ ಪರೀಕ್ಷೆಗೆ ಹಾವೇರಿಯ ಸರಕಾರಿ ಆಸ್ಪತ್ರೆಗೆ ಕಳಿಸಿದರು. ಕಫ ಬರುವುದೇ ಕಷ್ಟವಾಗಿತ್ತು, ಹೇಗೋ ಕೊಟ್ಟು ಬಂದೆ. ಅದರ ಕಾಗದ ತೆಗೆದುಕೊಂಡು ಮತ್ತೆ ರಾಣೆಬೆನ್ನೂರಿಗೆ ಹೋದ ದಿನ ನಮ್ಮವರು ಹೊರಗೆ ಚೀಟಿಗಾಗಿ ಪಾಳಿಯಲ್ಲಿ ನಿಂತಿದ್ದರು. ಡಾಕ್ಟರ ಮುಂದೆ ನಾನೊಬ್ಬಳೇ.

"ಕಫದಾಗ ಏನೂ ಇಲ್ರಿ. ನಿಮ್ಮ ಟೀಬಿ ಪೊರೆಯಾಗ ಕುಂತೈತಿ, ಗಾಳಿಗೆ ಬರಾಕತ್ತಿಲ್ಲ. ಗುಳಿಗಿ ಒಂದಿನಾನೂ ತಪ್ಪಸಬ್ಯಾಡ್ರಿ. ಹೆರಿಗಿಗೆ ಇನ್ನೂ ತಿಂಗಳೈತಲ್ಲ? ಮಗಳನ್ನ ಮನಿಯಾಗ ಇಟಗೋರಿ, ಬಾಣಂತನ ಮಾಡ್ರಿ, ಕೂಸಿಗೆ ಎರೀರಿ."

"ಖರೇನಾ?" ಎಂದೆ.

"ಖರೇನ. ಬೇಕಂದ್ರ ಬರದು ಕೊಡ್ತೇನಿ." ಫೈಲಿನಲ್ಲಿ ಬರೆದೂ ಕೊಟ್ಟರು.

ನಾನು ಕೇಳಲು ಕಾದಿದ್ದ ಮಾತನ್ನೇ ಅವರು ಹೇಳಿದ್ದರು. ತಲೆ ಒಪ್ಪಿತು. ಆದರೆ ಕಣ್ಣ ಮುಂದೆ ಬಂದದ್ದು ಕೊಟ್ಟಿಗೆಯ ಮೂಲೆ. ಎದೆಯೊಳಗಿನ ಒಂದು ಪೊರೆ ಹರಿದ ಜರಡಿಯಂತೆ ಸೋರುತ್ತಿದೆ ಎಂದು ಇವರೇ ಹೇಳಿದ್ದರು. ಅಲ್ಲಿ ಸೋರಿದ್ದು ಇನ್ನೊಂದು ಕಡೆ ಸೋರುವುದಿಲ್ಲ ಎಂದು ಹೇಗೆ ನಂಬುವುದು? ನಾನು ಎರೆದ ಕೂಸು ಆರು ತಿಂಗಳಾದ ಮೇಲೆ ಒಂದು ದಿನ ಕೆಮ್ಮಿದರೆ? ಗಿರಣಿಯ ಕೆಮ್ಮು ಎಂದು ಆಗಲೂ ಹೇಳಲೇ? ಬಾಗಿಲು ದಾಟುವಷ್ಟರಲ್ಲಿ ನಿರ್ಧಾರವಾಗಿತ್ತು.

"ಏನಂದ್ರು?" ನಮ್ಮವರು ಕೇಳಿದರು.

"ಆರು ತಿಂಗಳು ಕೂಸಿನ ಹತ್ರ ಹೋಗಬ್ಯಾಡ್ರಿ ಅಂದ್ರು."

ಫೈಲನ್ನು ಟ್ರಂಕಿನ ತಳದಲ್ಲಿಟ್ಟೆ. ಮಗಳಿಗೂ ಅದನ್ನೇ ಹೇಳಿದೆ. ಅವಳು ಅಳಲಿಲ್ಲ, ಮಡಚಿಟ್ಟ ಸೀರೆಯ ತುಂಡುಗಳನ್ನು ನೋಡಿದಳು ಅಷ್ಟೆ.

ಬೀಗತಿ ಗಂಗವ್ವ ಹಲಗೇರಿಯಿಂದ ಬಂದರು. ಇವರು ಏನೆನ್ನುತ್ತಾರೋ ಎಂದು ಎರಡು ತಿಂಗಳು ಹೆದರಿದ್ದೆನಲ್ಲ, ಅವರು ಬಂದವರೇ ನನ್ನ ಪಕ್ಕದಲ್ಲಿ ಹಾಸಿಗೆಯ ಮೇಲೆಯೇ ಕುಳಿತರು. ನಾನು ಸರಿದೆ. ಅವರೂ ಸರಿದು ಹತ್ತಿರ ಬಂದರು.

"ಹಿಂಗ ಯಾಕ ಅಂಜ್ತೀರಿ? ಈಗ ಟೀಬಿಗೆ ಯಾರು ಸಾಯ್ತಾರ? ಡಾಕ್ಟರು ಖರೇನ ಬ್ಯಾಡ ಅಂದಾರೇನ್ರಿ? ನಮ್ಮ ಓಣ್ಯಾಗ ಒಬ್ಬಾಕಿಗೆ ಆಗಿತ್ತು, ಮನಿಯಾಗ ಎಲ್ಲಾರ ಜೋಡಿನ ಇದ್ಲು."

"ಖರೇ ಅಂದಾರ್ರಿ" ಎಂದೆ.

"ಡಾಕ್ಟರು ಅಂದಮ್ಯಾಲೆ ಮುಗೀತು. ನಾ ಮಾಡ್ತೇನಿ ಬಾಣಂತನ. ನೀವು ಗುಳಿಗಿ ನುಂಗಿ ಗಟ್ಟ್ಯಾಗ್ರಿ." ಅಳವಿ, ಅಂಟು, ಬಜೆಯ ಡಬ್ಬಿಗಳನ್ನೆಲ್ಲ ಅವರ ಚೀಲಕ್ಕೆ ತುಂಬಿದೆ. ಸೀರೆಯ ತುಂಡುಗಳನ್ನು ಎರಡು ಸಲ ಕುದಿಸಿ ಒಣಗಿಸಿ ಕೊಟ್ಟೆ. ಭಾಗ್ಯಾ ಹೋಗುವಾಗ ಕಾಲಿಗೆ ಬೀಳಲು ಬಂದಳು, ದೂರದಿಂದಲೇ ಕೈ ಎತ್ತಿದೆ.

ಆ ಆರು ತಿಂಗಳ ಬಗ್ಗೆ, ಈಗ ಗುಳಿಗೆ ನುಂಗುತ್ತಿರುವವರಿಗಾಗಿ ಎರಡು ಮಾತು. ಮೊದಲ ದಿನ ಮೂತ್ರ ಕೆಂಪಗೆ ಹೋದಾಗ ನಾನು ಬಚ್ಚಲಲ್ಲೇ ಕುಸಿದು ಕುಳಿತೆ. ಅದು ಗುಳಿಗೆಯ ಬಣ್ಣ, ಹೆದರಬೇಡಿ. ಬೆಳಗಿನ ವಾಕರಿಕೆ ಒಂದು ತಿಂಗಳಿಗೆ ಹೋಯಿತು. ಇನ್ನೊಂದು ಸಲ ನೀರು ತೆಗೆದರು, ಉಳಿದದ್ದನ್ನು ಪೊರೆಯೇ ನಿಧಾನಕ್ಕೆ ಹೀರಿಕೊಂಡಿತು. ಮನೆಯಲ್ಲಿ ನಾನೇ ನನಗೆ ಬೇರೆ ತಟ್ಟೆ ಇಟ್ಟುಕೊಂಡೆ. ನಮ್ಮವರು ದಿನಾ ಅದನ್ನು ತಮ್ಮ ತಟ್ಟೆಯ ಜೊತೆ ತೊಳೆದಿಡುತ್ತಿದ್ದರು, ನಾನು ದಿನಾ ಬೇರೆ ತೆಗೆದಿಡುತ್ತಿದ್ದೆ.

ಹೆಣ್ಣು ಹುಟ್ಟಿತು. ಫೋನಿನಲ್ಲಿ ತೋರಿಸಿದರು. ಗಂಗವ್ವ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುವುದನ್ನು ನೋಡುತ್ತಾ, ನೀರು ಇನ್ನೂ ತುಸು ಬಿಸಿ ಇರಬೇಕಿತ್ತು ಎಂದುಕೊಂಡೆ. ಹೊಟ್ಟೆಕಿಚ್ಚು ಎಂದರೆ ಏನೆಂದು ಆಗ ತಿಳಿಯಿತು. ತೊಟ್ಟಿಲಿಗೆ ಹಾಕುವ ದಿನ ಹೋಗಿ, ಮಾಸ್ಕು ಕಟ್ಟಿಕೊಂಡು ಅಂಗಳದಲ್ಲೇ ಕುಳಿತು ಬಂದೆ. "ಒಳಗ ಬರ್ರಿ, ಒಂದ್ಸಲ ಎತ್ಕೋರಿ" ಎಂದು ಗಂಗವ್ವ ಕರೆದರು. "ಕೋರ್ಸ್ ಮುಗೀಲಿ" ಎಂದೆ. ಭಾಗ್ಯಾ ಬಾಗಿಲಲ್ಲಿ ನಿಂತು ನನ್ನನ್ನೇ ದಿಟ್ಟಿಸುತ್ತಿದ್ದಳು. ಸೊರಗಿದ್ದಳು. ಬಾಣಂತಿ ಎಂದರೆ ಹಾಗೆಯೇ ಎಂದುಕೊಂಡೆ.

ಕೋರ್ಸ್ ಮುಗಿದ ದಿನ ಭಾಗ್ಯಾ ಐದು ತಿಂಗಳ ಕೂಸನ್ನು ಎತ್ತಿಕೊಂಡು ರಾಣೆಬೆನ್ನೂರಿಗೆ ಬಂದಳು. ಡಾಕ್ಟರ ಬಾಯಿಂದಲೇ ಕೇಳಿ, ಅಲ್ಲಿಯೇ ಕೂಸನ್ನು ನನ್ನ ಕೈಗೆ ಕೊಡುತ್ತೇನೆ ಎಂದು ಹಟ ಹಿಡಿದಿದ್ದಳು. ಎಕ್ಸ್‌ರೇ ಚೊಕ್ಕಾಗಿತ್ತು. ಬಲಗಡೆ ಮೂಲೆಯಲ್ಲಿ ಪೊರೆ ತುಸು ದಪ್ಪಗಾಗಿ ಉಳಿದಿದೆ, ಜೋರಾಗಿ ಉಸಿರೆಳೆದರೆ ಜಗ್ಗುತ್ತದೆ, ಅಷ್ಟೆ ಎಂದರು ಡಾಕ್ಟರು. ಆಮೇಲೆ ಕೂಸಿನ ಕೆನ್ನೆ ಮುಟ್ಟಿದರು.

"ಇದ ಏನು ಆ ಕೂಸು! ಅಜ್ಜಿ ಎರದು ಎರದು ಹೆಂಗ ಮಾಡ್ಯಾಳ ನೋಡ್ರಿ. ನಾ ಅವತ್ತ ಹೇಳಿದ್ನಿಲ್ಲೋ ನೀಲವ್ವಾರ, ಏನೂ ಆಗೂದಿಲ್ಲ ಅಂತ?"

ನಾನು ಮೇಜಿನ ಮೇಲಿನ ಕಾಗದ ನೋಡುತ್ತ ಕುಳಿತೆ. ನಮ್ಮವರು ನನ್ನ ಕಡೆ ತಿರುಗಿದರು. ಭಾಗ್ಯಾ ಕೂಸನ್ನು ತಾನೇ ಎತ್ತಿಕೊಂಡು ಎದ್ದಳು.

ಹಲಗೇರಿ ಬಸ್ಸು ನಿಂತಿತ್ತು, ಅವಳನ್ನು ಬಿಟ್ಟು ಬರಲು ನಾನೂ ಹತ್ತಿದೆ. ನಮ್ಮವರು ಹಿಂದಿನ ಸೀಟಿಗೆ ಹೋದರು. ಕೂಸು ಅವಳ ಮಡಿಲಲ್ಲೇ ಇತ್ತು.

"ಡಾಕ್ಟರು ಬ್ಯಾಡ ಅಂದಿರಲಿಲ್ಲೇನು?"

"ಇಲ್ಲ."

"ಮತ್ತ ಯಾಕ ಹೇಳಿದಿ?"

"ಕೂಸಿಗೆ ಏನರ ಆದೀತು ಅಂತ ಅಂಜಿದೆ." ನನ್ನ ಅವ್ವನ ತಟ್ಟೆಯ ಮಾತು ಮೊದಲ ಸಲ ಒಬ್ಬರ ಮುಂದೆ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ನಮ್ಮತ್ತಿ ನನಗ ಎಲ್ಲಾ ಮಾಡಿದ್ರವ್ವಾ. ಏನೂ ಕಡಿಮಿ ಮಾಡ್ಲಿಲ್ಲ. ಆದ್ರ ನನಗ ಒಂದು ತುತ್ತೂ ಇಳೀತಿರಲಿಲ್ಲ. ಕೂಸಿನ ಹತ್ರಾನೂ ಬಿಡವಲ್ರು ಅಂದ್ರ ನನ್ನವ್ವಗ ಎಂಥಾ ಜಡ್ಡಿರಬೇಕು, ನೀವೆಲ್ಲಾ ಕೂಡಿ ನನ್ನ ಮುಂದ ಮುಚ್ಚಿಡಾಕತ್ತೀರಿ ಅಂತ ತಿಳಿದಿದ್ದೆ. ದಿನಾ ಮುಂಜಾನೆ ಫೋನ್ ಬಾರಿಸಿದ್ರ, ನೀ ಹೋದಿ ಅಂತ ಹೇಳಾಕ ಬಾರಿಸಾಕತ್ತೈತಿ ಅನಸ್ತಿತ್ತು. ಐದು ತಿಂಗಳವ್ವಾ. ಇದಕ್ಕ ಹಾಲು ಕುಡಸ್ಕೋತ ನಿನ್ನ ಹೆಣಾ ನೋಡೇನಿ ನಾನು."

ಕೂಸನ್ನು ಕಾಯಲು ಹೋಗಿ, ಅದರ ತಾಯಿಯನ್ನು ಕೊಟ್ಟಿಗೆಯ ಬಾಗಿಲಲ್ಲಿ ನಿಲ್ಲಿಸಿದ್ದೆ. ತಪ್ಪಾಯಿತು ಎಂದೆ. ಬಸ್ಸಿನ ಸದ್ದಿನಲ್ಲಿ ಅದು ಅವಳಿಗೆ ಕೇಳಿಸಿತೋ ಇಲ್ಲವೋ. ಅವಳು ಕೂಸನ್ನು ಎತ್ತಿ, ಸೆರಗು ಸರಿಮಾಡಿ, ನನ್ನ ತೊಡೆಯ ಮೇಲೆ ಹಾಕಿದಳು. ಆಮೇಲೆ ಮುಖ ಕಿಟಕಿಯ ಕಡೆ ತಿರುಗಿಸಿಕೊಂಡಳು. ಕೂಸು ನನ್ನ ಬಳೆ ಹಿಡಿದು ಬಾಯಿಗೆ ಎಳೆದುಕೊಂಡಿತು.

ಹಲಗೇರಿ ಬರುವವರೆಗೂ ಭಾಗ್ಯಾ ನನ್ನ ಕಡೆ ತಿರುಗಲಿಲ್ಲ. ಕೂಸನ್ನು ವಾಪಸು ಕೇಳಲೂ ಇಲ್ಲ.